ಮಧ್ಯಾಹ್ನದ ಸಿನಿಮಾಕ್ಕೆ ಬರುತ್ತಿದ್ದವನು

ವೆಸ್ಲಿ ಪೆನ್‌ಹೇಲ್ ಮಾತಾಡುವಾಗ ಎದುರಿಗಿರುವವರ ಮುಖ ನೋಡುವುದಿಲ್ಲ ಎಂಬುದನ್ನು ಐಲಿ ಹೌತಾಲಾ ಮೊದಲ ದಿನವೇ ಗಮನಿಸಿದ್ದಳು. ಅವನು ಅವಳ ಕಿವಿಯನ್ನು ನೋಡುತ್ತಿದ್ದ. ಕೆಲವೊಮ್ಮೆ ಕಿವಿಗಿಂತಲೂ ಆಚೆ, ಗೋಡೆಯ ಗಡಿಯಾರವನ್ನೋ ಬಾಗಿಲಿನ ಚೌಕಟ್ಟನ್ನೋ ನೋಡುತ್ತ, "ಕಾಫಿ ತುಂಬಾ ಚೆನ್ನಾಗಿದೆ" ಅನ್ನುತ್ತಿದ್ದ.

ನಮ್ಮ ಪೈಕ್ ಹಾರ್ಬರ್ ಶಾಲೆಯ ಕಚೇರಿಯಲ್ಲಿ ನಿವೃತ್ತಿಯಾಗುವವರೆಗೂ ಹಾಜರಿ ನೋಡಿಕೊಂಡವಳು ಐಲಿ. ತಡವಾಗಿ ಬಂದ ಮಕ್ಕಳು, ಹೊಟ್ಟೆನೋವಿನ ಮಕ್ಕಳು, ಒಂದೇ ವರ್ಷದಲ್ಲಿ ಮೂರು ಸಲ ಅಜ್ಜಿ ಸತ್ತ ಮಕ್ಕಳು, ಎಲ್ಲರೂ ಅವಳ ಮೇಜಿನ ಮುಂದೆ ನಿಂತು ಹೋದವರೇ. ಮುಖ ನೋಡದೆ ಮಾತಾಡುವವನ ಹೊಟ್ಟೆಯಲ್ಲಿ ಏನೋ ಅಡಗಿದೆ ಎನ್ನುವುದು ಅವಳ ಪಾಲಿಗೆ ಎರಡು ಮಾತಿಲ್ಲದ ಸತ್ಯವಾಗಿತ್ತು.

ಅವನನ್ನು ಮನೆಗೆ ಕರೆತಂದವಳು ಅಕ್ಕ ಲೆಂಪಿ. ಗಂಡ ಊರ್ಹೊ ತೀರಿಕೊಂಡ ಮೇಲೆ ಲೆಂಪಿ ಸರೋವರದ ದಂಡೆಯ ಆ ಮರದ ಮನೆಯಲ್ಲಿ ಒಬ್ಬಳೇ ಇರಲಾರದೆ, ಮದುವೆಯಾಗದೆ ಉಳಿದಿದ್ದ ತಂಗಿಯನ್ನು ಜೊತೆಗೆ ಕರೆಸಿಕೊಂಡಿದ್ದಳು. ಊರಿನ ವಿಡಿಯೊ ಅಂಗಡಿ ಮುಚ್ಚಿದಾಗ ಯಾರಿಗೂ ಬೇಡವಾದ ಕಪ್ಪು-ಬಿಳುಪು ಸಿನಿಮಾಗಳ ಕ್ಯಾಸೆಟ್ಟುಗಳನ್ನೆಲ್ಲ ಲೆಂಪಿ ರಟ್ಟಿನ ಡಬ್ಬಗಳಲ್ಲಿ ಹೊತ್ತು ತಂದಳು. ದೊಡ್ಡ ಜಿಗ್‌ಸಾ ಚಿತ್ರಗಳ ತುಣುಕುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ವಾರಗಟ್ಟಲೆ ಜೋಡಿಸುವುದು, ನೂರಾರು ವರ್ಷ ಹಿಂದಿನ ದಪ್ಪ ಕಾದಂಬರಿಗಳನ್ನು ಬಾಯಿಬಿಟ್ಟು ಓದುವುದು, ಇವು ಅವಳ ಉಳಿದ ಚಾಳಿಗಳು. ಐಲಿಗೆ ಇದರಲ್ಲಿ ಯಾವುದೂ ಹಿಡಿಸದು. ಸತ್ತವರು ನಟಿಸಿದ್ದನ್ನು ಕೂತು ನೋಡುವುದರಲ್ಲಿ ಏನು ಸುಖ ಎಂದು ಅವಳು ಕೇಳುತ್ತಿದ್ದಳು.

ಗ್ರಂಥಾಲಯದ ಹಳೆಯ ಪುಸ್ತಕಗಳ ಮಾರಾಟದಲ್ಲಿ ಒಂದೇ ಕ್ಯಾಸೆಟ್ ಡಬ್ಬಕ್ಕೆ ಲೆಂಪಿಯೂ ವೆಸ್ಲಿಯೂ ಒಟ್ಟಿಗೆ ಕೈಹಾಕಿದರಂತೆ. ಅವನು ಹೆಂಡತಿ ತೀರಿಕೊಂಡ ಮುದುಕ, ಹನ್ನೊಂದು ಮೈಲಿ ಆಚೆ ಹಳೆಯ ಗಣಿಯ ಹತ್ತಿರ ಒಬ್ಬನೇ ಇರುವವನು. ಕೆಲಸದಲ್ಲಿದ್ದಷ್ಟು ಕಾಲ ಜಿಲ್ಲೆಯ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದ. ನಾವೆಲ್ಲ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಲು ರಸ್ತೆ ಇರುತ್ತಿದ್ದದ್ದೇ ಅವನಿಂದ. "ಡಬ್ಬ ನೀವೇ ಇಟ್ಕೊಳ್ಳಿ. ನೋಡೋವಾಗ ನನ್ನನ್ನೂ ಕರೀರಿ," ಎಂದನಂತೆ ಅವನು. ಆಮೇಲೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅವನ ಹಸಿರು ಪಿಕಪ್ ಗಾಡಿ ಅಂಗಳಕ್ಕೆ ಬರತೊಡಗಿತು.

ಐಲಿ ಮೊದಮೊದಲು ಸುಮ್ಮನಿದ್ದಳು. ಕಿವಿ ನೋಡುವ ಸಂಗತಿಯನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಳು, ಅಷ್ಟೆ. ಆದರೆ ದಿನ ಕಳೆದಂತೆ ಅದರ ಪಕ್ಕದಲ್ಲಿ ಬೇರೆ ಸಂಗತಿಗಳೂ ಬಂದು ಕೂತವು.

ವೆಸ್ಲಿ ಒಳಗೆ ಬಂದವನೇ ನೇರವಾಗಿ ನಡೆಯುತ್ತಿರಲಿಲ್ಲ. ಗೋಡೆಯ ಹಲಗೆಯ ಮೇಲೆ ಮೆಲ್ಲಗೆ ಕೈಯಾಡಿಸುತ್ತ, ಬಾಗಿಲ ಚೌಕಟ್ಟನ್ನು ತಟ್ಟಿ ನೋಡುತ್ತ ಬರುತ್ತಿದ್ದ. "ಹಳೇ ಪೈನ್ ಮರ, ಈಗೆಲ್ಲಿ ಸಿಗುತ್ತೆ ಇಂಥದ್ದು?" ಅನ್ನುತ್ತಿದ್ದ. ಒಮ್ಮೆ ಐಲಿ ನೆಲ ಒರೆಸಲೆಂದು ಅವನ ಕುರ್ಚಿಯನ್ನು ಕಿಟಕಿಯ ಕಡೆಗೆ ಸರಿಸಿದ್ದಳು. ಅವನು ಅದಕ್ಕೆ ಎಡವಿ, ಕೋಪವನ್ನು ನುಂಗಿಕೊಂಡು, "ದಯವಿಟ್ಟು ಈ ಕುರ್ಚಿ ಇಲ್ಲೇ ಇರ್ಲಿ. ಈ ಮನೇಲಿ ಏನನ್ನೂ ಆಚೀಚೆ ಮಾಡ್ಬೇಡಿ," ಎಂದ.

"ಕೇಳ್ದ್ಯಾ?" ಎಂದು ಐಲಿ ಅಂದು ಪಾತ್ರೆ ತೊಳೆಯುವಾಗ ಅಕ್ಕನಿಗೆ ಹೇಳಿದಳು. "ಈ ಮನೇಲಿ ಏನನ್ನೂ ಆಚೀಚೆ ಮಾಡ್ಬಾರ್ದಂತೆ! ಯಾರ ಮನೆ ಕಣೇ ಇದು?"

"ಮುದುಕ, ಎಡವಿದ. ಏನೋ ಅಂದ. ಅದನ್ನೇ ಹಿಡ್ಕೊಂಡ್ಯಲ್ಲ."

"ಗೋಡೆ ತಟ್ಟಿ ನೋಡ್ತಾನಲ್ಲ, ಅದು? ಅವನ ಅಕ್ಕನ ಮಗ ಮನೆ ಮಾರಿಸೋ ದಲ್ಲಾಳಿ. ಅವನ ಬೋರ್ಡು ಈ ದಂಡೆ ಉದ್ದಕ್ಕೂ ನಿಂತಿದೆ. ಚಿಕಾಗೋದವರಿಗೆ ಬೇಸಿಗೆ ಮನೆ ಬೇಕು. ನಿನ್ನನ್ನ ಒಲಿಸಿಕೊಳ್ಳೋಕೆ ಎರಡು ಸಿನಿಮಾ ಸಾಕು."

ಲೆಂಪಿ ನಕ್ಕು, ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡಳು.

ಐಲಿ ಈಗ ಕಾವಲಿಗೆ ಕೂತಳು. ಮಂಗಳವಾರ, ಶುಕ್ರವಾರ ತಾನೂ ಹೆಣಿಗೆ ಹಿಡಿದುಕೊಂಡು ಟೀವಿ ಕೋಣೆಯ ಮೂಲೆಯಲ್ಲಿ ಇರುತ್ತಿದ್ದಳು. ವೆಸ್ಲಿ ಪುಟ್ಟ ಚಾಕುವಿನಿಂದ ಮರದ ತುಂಡನ್ನು ಕೆತ್ತುತ್ತ ಸಿನಿಮಾ ನೋಡುತ್ತಿದ್ದ. ಅವನ ಕೈಯಲ್ಲಿ ಮರ ಮೆಲ್ಲಮೆಲ್ಲನೆ ಹಕ್ಕಿಯಾಗುತ್ತಿತ್ತು. ಅವನು ಚಾಕುವಿನ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ. ಲೆಂಪಿ ಪಕ್ಕದಲ್ಲಿ ಕೂತು ವಟವಟ ಅನ್ನುತ್ತಿದ್ದಳು. "ಅಗೋ, ಮಹಡಿ ಇಳಿದು ಬಂದಳು. ಕೈಯಲ್ಲಿ ಕೊಡೆ. ಅವನು ಪರದೆ ಹಿಂದೆ ಇದ್ದಾನೆ, ಬೂಟು ಕಾಣ್ತಿದೆ." ಇಷ್ಟೆಲ್ಲ ಹೇಳಬೇಕೇ, ಅವನಿಗೇನು ಕಣ್ಣಿಲ್ಲವೇ ಎಂದು ಐಲಿಗೆ ರೇಗುತ್ತಿತ್ತು. ವಯಸ್ಸಾದ ಹೆಂಗಸು ಗಂಡಸಿನ ಪಕ್ಕ ಕೂತರೆ ಹದಿಹರೆಯದವಳ ಹಾಗೆ ಆಡುತ್ತಾಳೆ ಎಂದುಕೊಂಡಳು.

ಒಂದು ದಿನದ ಸಿನಿಮಾದಲ್ಲಿ ಸುಳ್ಳು ವೈದ್ಯನೊಬ್ಬ ರೈಲಿನಲ್ಲಿ ಸಿಕ್ಕಿಬೀಳುವ ಕಥೆಯಿತ್ತು. ಹಾಕುವ ಮೊದಲು ಲೆಂಪಿ, "ಇದನ್ನ ನೋಡಿದ್ದೀರಾ?" ಎಂದು ಕೇಳಿದ್ದಳು. "ಇಲ್ಲವಲ್ಲ," ಎಂದಿದ್ದ ವೆಸ್ಲಿ. ಆದರೆ ಸುಳ್ಳು ವೈದ್ಯ ಹಂದಿಗೆ ಥರ್ಮಾಮೀಟರ್ ಇಡಲು ಹೋಗುವ ಜಾಗದಲ್ಲಿ, ಹಂದಿ ಇನ್ನೂ ಪರದೆಗೆ ಬಂದೇ ಇರಲಿಲ್ಲ, ವೆಸ್ಲಿಯ ಭುಜ ನಗುವಿನಿಂದ ಕುಲುಕತೊಡಗಿತು. ಐಲಿಯ ಹೆಣಿಗೆ ಕಡ್ಡಿ ನಿಂತಿತು. ನೋಡಿದ ಸಿನಿಮಾವನ್ನು ನೋಡಿಲ್ಲ ಅನ್ನುವವನು ಇನ್ನೇನು ತಾನೇ ಸುಳ್ಳು ಹೇಳಲಾರ?

ಡಿಸೆಂಬರಿನಲ್ಲಿ ಊರ್ಹೊನ ಭೂತಗನ್ನಡಿ ಕಾಣೆಯಾಯಿತು. ಹಿತ್ತಾಳೆಯ ಹಿಡಿಯ, ಅಂಗೈ ಅಗಲದ ಗಾಜಿನ ಆ ಕನ್ನಡಿಯಲ್ಲಿ ಅವನು ಬದುಕಿದ್ದಷ್ಟು ದಿನ ಅಂಚೆಚೀಟಿಗಳನ್ನು ನೋಡುತ್ತಿದ್ದ. ಸತ್ತ ಮೇಲೂ ಅದು ಅವನ ಮೇಜಿನ ಮೇಲೆಯೇ ಇತ್ತು.

"ಎಲ್ಲೋ ಇಟ್ಟಿರ್ತೀನಿ, ಸಿಗುತ್ತೆ ಬಿಡು," ಎಂದಳು ಲೆಂಪಿ. ಅವಳ ಕುತ್ತಿಗೆ ಕೆಂಪಾಗಿತ್ತು. ಒಲೆಯ ಕಾವಿಗೆ ಇರಬೇಕು ಎಂದುಕೊಂಡಳು ಐಲಿ.

ಮುಂದಿನ ಶುಕ್ರವಾರ ವೆಸ್ಲಿಯ ಕೋಟನ್ನು ಗೂಟಕ್ಕೆ ನೇತುಹಾಕುವಾಗ ಒಳಜೇಬಿನಲ್ಲಿ ಏನೋ ಭಾರವಾದದ್ದು ಗೋಡೆಗೆ ಬಡಿಯಿತು. ಐಲಿ ಅತ್ತಿತ್ತ ನೋಡಿ ಕೈಹಾಕಿದಳು. ಹಿತ್ತಾಳೆ ತಣ್ಣಗೆ ಬೆರಳಿಗೆ ತಗುಲಿತು. ಅದನ್ನು ಅಲ್ಲೇ ಬಿಟ್ಟಳು. ಕಳ್ಳನನ್ನು ಹಿಡಿದ ಸಂತೋಷಕ್ಕಿಂತ ಅಕ್ಕನ ಮುಖ ನೆನೆದು ಆದ ಸಂಕಟವೇ ಹೆಚ್ಚಾಯಿತು.

ಅವನು ಹೋದ ಮೇಲೆ ಅವಳು ಹೇಳಿಯೇಬಿಟ್ಟಳು. "ಲೆಂಪಿ, ಊರ್ಹೊನ ಕನ್ನಡಿ ಅವನ ಜೇಬಲ್ಲಿದೆ. ನಾನೇ ಮುಟ್ಟಿ ನೋಡ್ದೆ."

ಲೆಂಪಿ ಮೇಜಿನ ಮೇಲಿನ ಚಿತ್ರದ ತುಣುಕುಗಳನ್ನು ಆಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. "ಬೇರೆಯವರ ಜೇಬಿಗೆ ಕೈ ಹಾಕಿದ್ಯಾ?"

"ಅದೇನಾ ನಿನ್ನ ಪ್ರಶ್ನೆ? ಕದ್ದಿದ್ದು ಅವನು, ಬೈಸಿಕೊಳ್ಳೋದು ನಾನಾ?"

"ಐಲಿ, ಇದೊಂದು ನನಗೆ ಬಿಟ್ಬಿಡು. ಅವರ ಮೇಲೆ ಇನ್ನೊಂದು ಮಾತು ನಿನ್ನ ಬಾಯಿಂದ ಬಂದ್ರೆ ನಾವಿಬ್ರೂ ಒಂದೇ ಸೂರಿನಡಿ ಇರೋದು ಕಷ್ಟ."

ಬಾಲ್ಯದಿಂದ ಲೆಂಪಿ ತಂಗಿಗೆ ಅಂಥ ಮಾತು ಆಡಿದ್ದಿಲ್ಲ. ಐಲಿ ತನ್ನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಅಕ್ಕ ಕೈತಪ್ಪಿ ಹೋದಳು, ಇನ್ನು ಮನೆಯೂ ಹೋಗುವುದು ಖಚಿತ ಎನ್ನಿಸಿತು. ಕಣ್ಣಿಗೆ ಕಾಣುವ ಪುರಾವೆ ಸಿಗುವವರೆಗೆ ಬಾಯಿ ತೆರೆಯಬಾರದು ಎಂದು ನಿರ್ಧರಿಸಿದಳು.

ಹೊಸ ವರ್ಷ ಕಳೆದ ಮೇಲೆ ಎರಡು ಸಂಗತಿಗಳು ನಡೆದವು. ರಸ್ತೆ ಬದಿಯ ಅಂಚೆಪೆಟ್ಟಿಗೆಯ ಕಂಬ ಮುರಿದು ಹಿಮದಲ್ಲಿ ಬಿದ್ದಿತ್ತು. ಪಡ್ಡೆ ಹುಡುಗರ ಕೆಲಸ ಎಂದಳು ಲೆಂಪಿ. ಆ ವಾರ ವೆಸ್ಲಿಯ ಗಾಡಿಯ ಮುಂದಿನ ದೀಪವೊಂದು ಒಡೆದಿತ್ತು. ಜಿಂಕೆ ಅಡ್ಡ ಬಂತು ಎಂದನು ಅವನು, ಐಲಿಯ ಕಿವಿಯನ್ನು ನೋಡುತ್ತ.

ಇನ್ನೊಂದು, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಒಂದು ಮಧ್ಯಾಹ್ನ ಐಲಿ ಮಂಕು ಬೆಳಕಿನ ಪಡಸಾಲೆಯಲ್ಲಿ ನಿಂತಿದ್ದಳು. ವೆಸ್ಲಿ ಒಳಗೆ ಬಂದವನು ಅವಳ ಎರಡೂ ಕೈ ಹಿಡಿದು, "ಈ ಮನೆಗೆ ಬರೋ ದಿನ ಮಾತ್ರ ನಾನು ಬದುಕಿದ್ದೀನಿ ಅನ್ಸುತ್ತೆ," ಎಂದ. ಐಲಿ ಕೈ ಕಿತ್ತುಕೊಂಡು, "ನಾನು ಐಲಿ!" ಎಂದು ಕಿರುಚಿದಳು. ಅವನು ಬಿಳಿಚಿಕೊಂಡು ಹಿಂದೆ ಸರಿದ. ಒಳ್ಳೇ ಮುದುಕ, ಅಕ್ಕನೂ ಬೇಕು ತಂಗಿಯೂ ಬೇಕು ಎಂದು ಅವಳು ಹಲ್ಲು ಕಡಿದಳು. ಲೆಂಪಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಜಗಳ.

ಟೀವಿ ಕೆಟ್ಟದ್ದು ಫೆಬ್ರವರಿಯ ಒಂದು ಶುಕ್ರವಾರ. ಲೆಂಪಿ ಅಡುಗೆಮನೆಯಲ್ಲಿ ಏಲಕ್ಕಿ ಹಾಕಿದ ನಿಸು ಬ್ರೆಡ್ಡನ್ನು ಒಲೆಯಿಂದ ತೆಗೆಯುತ್ತಿದ್ದಳು. "ನೀನು ಅವರ ಜೊತೆ ಕೂತಿರು, ಈಗ ಬಂದೆ," ಎಂದು ತಂಗಿಗೆ ಹೇಳಿ ಹೋಗಿದ್ದಳು. ಪರದೆಯ ಮೇಲೆ ಒಬ್ಬ ನಾವಿಕ ಮನೆಗೆ ಮರಳುತ್ತಿದ್ದ. ಹಳೆಯ ಟೀವಿಯ ಚಿತ್ರ ಒಮ್ಮೆ ನಡುಗಿತು, ಗೆರೆಯಾಯಿತು, ಆರಿಹೋಯಿತು. ಧ್ವನಿ ಮಾತ್ರ ಹಾಗೇ ಇತ್ತು. ನಾವಿಕ ಬಾಗಿಲು ತಟ್ಟುತ್ತಿದ್ದ, ನಾಯಿ ಬೊಗಳುತ್ತಿತ್ತು.

ಐಲಿ ಎದ್ದು ಟೀವಿಯ ನೆತ್ತಿಗೆ ಒಂದು ಏಟು ಹಾಕಬೇಕೆಂದು ಹೊರಟವಳು ನಿಂತಳು. ವೆಸ್ಲಿ ಏನೂ ಅನ್ನಲಿಲ್ಲ. ಅವನ ಚಾಕು ಒಂದೇ ಲಯದಲ್ಲಿ ಮರ ಸವರುತ್ತಿತ್ತು. ಮುಖ ಟೀವಿಯ ಕಡೆಗಿತ್ತು. ಪರದೆ ಕಪ್ಪಾಗಿತ್ತು, ಅದರಲ್ಲಿ ಕಿಟಕಿಯ ಪ್ರತಿಬಿಂಬ ಬಿಟ್ಟರೆ ಏನೂ ಇರಲಿಲ್ಲ.

"ಆ ಕಾಲದವರು ಹಿಮಾನ ಎಷ್ಟು ಚೆಂದ ತೋರಿಸ್ತಿದ್ರು, ಅಲ್ವಾ?" ಎಂದ ವೆಸ್ಲಿ.

ಐಲಿ ಕಪ್ಪು ಪರದೆಯನ್ನೂ ಅವನನ್ನೂ ಒಮ್ಮೆ ನೋಡಿದಳು. "ಹೌದು," ಎಂದಳು. ಅವನ ಎದುರಿಗೆ ಹೋಗಿ ನಿಂತಳು. ಎಪ್ಪತ್ತು ವರ್ಷದ ಆ ಹೆಂಗಸು, ಇಡೀ ಊರಿನ ಮಕ್ಕಳನ್ನು ಗದರಿದವಳು, ಅವನ ಮುಖಕ್ಕೆ ನೇರವಾಗಿ ನಾಲಗೆ ಚಾಚಿದಳು. ಅವನು ಗಂಭೀರವಾಗಿ ತಲೆದೂಗಿ, "ನಾಯಿ ಮೊದಲು ಗುರುತು ಹಿಡಿಯುತ್ತೆ ಅನ್ಸುತ್ತೆ," ಎಂದ.

ಆಗ ಅವಳ ತಲೆಯೊಳಗೆ ಎಲ್ಲ ಒಂದೊಂದಾಗಿ ಜಾಗಕ್ಕೆ ಬಂದು ಕೂತವು. ಕಿವಿ, ಗೋಡೆ, ಕುರ್ಚಿ, ಭೂತಗನ್ನಡಿ, ಹಿಡಿದ ಕೈ. ಕೊನೆಯಲ್ಲಿ ಅಂಚೆಪೆಟ್ಟಿಗೆ ಬಂತು. ಮನುಷ್ಯ ಕುರುಡ, ಮತ್ತು ಕುರುಡ ಗಾಡಿ ಓಡಿಸಿಕೊಂಡು ಬರುತ್ತಿದ್ದಾನೆ.

ಲೆಂಪಿ ಬ್ರೆಡ್ಡಿನ ತಟ್ಟೆ ಹಿಡಿದು ಬಂದವಳು ಟೀವಿ ನೋಡಿ, "ಅಯ್ಯೋ, ಇದಕ್ಕೇನಾಯ್ತು?" ಎಂದಳು. ವೆಸ್ಲಿಯ ಚಾಕು ಒಂದು ಕ್ಷಣ ನಿಂತಿತು. "ಈಗಷ್ಟೇ ಹೋಯ್ತು," ಎಂದಳು ಐಲಿ, ಅವನಿಗಿಂತ ಮೊದಲೇ. ಅವಳಿಗೆ ಇನ್ನೂ ಪುರಾವೆ ಬೇಕಿತ್ತು. ಮತ್ತೊಮ್ಮೆ ಬರೀ ಬಾಯಿಮಾತಿನಲ್ಲಿ ಹೇಳಿ ಅಕ್ಕನ ಕೈಲಿ ಅನ್ನಿಸಿಕೊಳ್ಳಲು ಅವಳು ತಯಾರಿರಲಿಲ್ಲ.

ಸಿನಿಮಾ ಅರ್ಧಕ್ಕೇ ನಿಂತದ್ದರಿಂದ ವೆಸ್ಲಿ ಬೇಗ ಹೊರಟ. ಅವನು ಕೋಟು ತೊಡುತ್ತಿರುವಾಗ ಐಲಿ ಹಿಂಬಾಗಿಲಿನಿಂದ ಹೊರಬಿದ್ದು, ಮನೆಯನ್ನು ಸುತ್ತಿ, ಅಂಗಳದ ದಾರಿ ರಸ್ತೆ ಸೇರುವಲ್ಲಿಗೆ ಓಡಿದಳು. ಅವಳ ಮೈಮೇಲೆ ಕೆಂಪು ಸ್ವೆಟರ್ ಇತ್ತು. ದಾರಿಯ ಎರಡೂ ಬದಿ ಎದೆಮಟ್ಟ ಹಿಮದ ಗೋಡೆ. ಗಾಡಿಯನ್ನು ಯಾವಾಗಲೂ ರಸ್ತೆಗೆ ಮುಖಮಾಡಿ ನಿಲ್ಲಿಸುವುದು ವೆಸ್ಲಿಯ ಹಳೆಯ ಅಭ್ಯಾಸ. ಐಲಿ ದಾರಿಯ ನಡುಮಧ್ಯದಲ್ಲಿ ನಿಂತು, ಶಾಲೆಯ ಮುಂದೆ ಮಕ್ಕಳನ್ನು ದಾಟಿಸುವಾಗ ಮಾಡುತ್ತಿದ್ದಂತೆ ಬಲಗೈಯನ್ನು ಎತ್ತಿ ಹಿಡಿದಳು.

ಗಾಡಿ ಗುರುಗುಟ್ಟಿ ಹೊರಟಿತು. ಜೋರಿಲ್ಲ. ನಡೆದಷ್ಟೇ ವೇಗ. ಅವಳು ಅವನ ಮುಖವನ್ನು ಗಾಜಿನ ಹಿಂದೆ ಸ್ಪಷ್ಟವಾಗಿ ನೋಡಿದಳು. ಅವನು ಅವಳ ಕಡೆಗೇ ನೋಡುತ್ತಿದ್ದ, ನಿಲ್ಲಿಸಲಿಲ್ಲ.

ಮೆಟ್ಟಿಲ ಮೇಲಿಂದ ಲೆಂಪಿಯ ಕೂಗು ಕೇಳಿತು. "ವೆಸ್ಲಿ, ಎಡಕ್ಕೆ! ಎಡಕ್ಕೆ ತಿರುಗಿಸಿ! ಐಲಿ ನಿಮ್ಮ ಎದುರಿಗೇ ಇದ್ದಾಳೆ!"

ಐಲಿ ಇನ್ನೊಂದು ಬದಿಯ ಹಿಮದೊಳಕ್ಕೆ ಹಾರಿ ಬಿದ್ದಳು. ಗಾಡಿ ಎಡಕ್ಕೆ ಹೊರಳಿ ಹಿಮದ ಗೋಡೆಗೆ ಮೂಗು ತೂರಿ ನಿಂತಿತು.

ಹಿಮದಲ್ಲಿ ಅಂಗಾತ ಬಿದ್ದಿದ್ದಾಗ ಐಲಿಗೆ ಮಣಿಕಟ್ಟಿನ ನೋವಿಗಿಂತ ಮೊದಲು ಅರಿವಿಗೆ ಬಂದದ್ದು ಅಕ್ಕನ ಮಾತು. ಕಾಣಲ್ವಾ ನಿಮಗೆ ಎಂದು ಲೆಂಪಿ ಕೂಗಲಿಲ್ಲ. ಎಡಕ್ಕೆ ಎಂದಳು. ಪ್ರತಿ ಸಲ ಅವನು ಹೊರಡುವಾಗ ಚಳಿಯಲ್ಲಿ ಮೆಟ್ಟಿಲ ಮೇಲೆ ನಿಂತು, "ಬಲಗಡೆ ನೋಡ್ಕೊಳ್ಳಿ, ಪೆಟ್ಟಿಗೆ ಇದೆ," "ನೇರ ಹೋಗಿ, ಯಾರೂ ಇಲ್ಲ," ಎಂದು ಹರಟುತ್ತಿದ್ದಳಲ್ಲ, ಅದು ಹರಟೆಯಾಗಿರಲಿಲ್ಲ.

ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತರು. ಲೆಂಪಿ ತಂಗಿಯ ಊದಿಕೊಂಡ ಮಣಿಕಟ್ಟಿಗೆ ಬಟ್ಟೆಯಲ್ಲಿ ಕಟ್ಟಿದ ಮಂಜುಗಡ್ಡೆ ಒತ್ತಲು ಬಂದಳು. ಐಲಿ ಕೈ ಎಳೆದುಕೊಂಡಳು.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಮೊದಲ ವಾರದಿಂದ," ಎಂದಳು ಲೆಂಪಿ.

"ಕನ್ನಡಿ?"

"ನಾನೇ ಕೊಟ್ಟೆ. ಔಷಧಿ ಡಬ್ಬಿ ಮೇಲಿನ ಹೆಸರಾದ್ರೂ ಓದ್ಕೊಳ್ಳಲಿ ಅಂತ."

"ಇವರನ್ನ ನಾನು ಕಳ್ಳ ಅಂದಾಗ ಬಾಯಿ ಮುಚ್ಕೊಂಡು ಕೂತಿದ್ದೆ!"

"ಹೇಳಿದ್ರೆ ಅವತ್ತೇ ಲೈಸೆನ್ಸ್ ಆಫೀಸಿಗೆ ಫೋನ್ ಮಾಡ್ತಿದ್ದೆ ನೀನು."

"ಮಾಡ್ತಿದ್ದೆ."

"ಅದಕ್ಕೇ."

ವೆಸ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. "ತಪ್ಪು ನಂದು, ಅವರನ್ನ ಬೈಬೇಡಿ," ಎಂದ. "ಪೂರ್ತಿ ಕುರುಡ ಅಲ್ಲ ನಾನು. ಅಂಚೆಲ್ಲ ಕಾಣುತ್ತೆ. ಮಧ್ಯೆ ಮಾತ್ರ ಇಲ್ಲ. ಚಳಿಗಾಲದಲ್ಲಿ ಕಿಟಕಿ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ಏನನ್ನ ನೋಡ್ಬೇಕು ಅಂತ ಕಣ್ಣು ತಿರುಗಿಸ್ತೀನೋ ಅದೇ ಮಾಯ ಆಗುತ್ತೆ. ರಸ್ತೆ ಎರಡು ಬದಿ ಹಿಮ ಕಾಣುತ್ತೆ. ಅದರ ನಡುವೆ ಓಡಿಸ್ತೀನಿ. ಈ ರಸ್ತೆಗಳು ನನ್ನ ಅಂಗೈ ಇದ್ದ ಹಾಗೆ."

"ಅಂಗೈ ಮಧ್ಯೆ ಇವತ್ತು ನಾನು ನಿಂತಿದ್ದೆ. ಬೀಗದ ಕೈ ಕೊಡಿ."

ವೆಸ್ಲಿ ಟೋಪಿಯನ್ನು ಬಿಗಿಯಾಗಿ ಹಿಡಿದುಕೊಂಡ. "ಈ ಜಿಲ್ಲೆಗೆ ದಾರಿ ಮಾಡಿಕೊಟ್ಟವನು ನಾನು. ಒಂದು ನಾಯಿಗೂ ಗಾಡಿ ತಾಗಿಸಿದವನಲ್ಲ. ಶಾಲೆ ಬಸ್ಸು ಓಡಾಡೋ ಹೊತ್ತಲ್ಲಿ ನಾನು ರಸ್ತೆಗೆ ಇಳಿಯೋದೇ ಇಲ್ಲ. ಅಷ್ಟು ಬುದ್ಧಿ ಇದೆ ನನಗೆ."

"ಈ ವರ್ಷ ಬಸ್ಸಿನ ಹೊತ್ತು ಬದಲಾಗಿದೆ," ಎಂದಳು ಐಲಿ.

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಹೊರಗಿನ ರಸ್ತೆಯಲ್ಲಿ ಭಾರದ ಗಾಡಿಯೊಂದು ನಿಂತ ಸದ್ದು, ಬಾಗಿಲು ಮಡಚಿಕೊಂಡ ಸದ್ದು ಕೇಳಿತು. ಪಕ್ಕದ ಮನೆಯ ಮಕ್ಕಳು ಇಳಿದು, ಕಿರುಚುತ್ತ, ಒಬ್ಬರ ಮೇಲೊಬ್ಬರು ಹಿಮ ಎರಚುತ್ತ, ಮುರಿದ ಅಂಚೆಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋದರು. ಲೆಂಪಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ವೆಸ್ಲಿ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಇಟ್ಟ ಮೇಲೂ ಸ್ವಲ್ಪ ಹೊತ್ತು ಅದರ ಮೇಲಿಂದ ಬೆರಳು ತೆಗೆಯಲಿಲ್ಲ.

ಲೆಂಪಿಗೆ ಗಾಡಿ ಓಡಿಸಲು ಬಾರದು. ಐಲಿಯೇ ಪಿಕಪ್ಪನ್ನು ಅಂಗಳಕ್ಕೆ ಹಿಂದೆ ಸರಿಸಿಟ್ಟು, ತನ್ನ ಪುಟ್ಟ ಕಾರಿನಲ್ಲಿ, ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು, ಅವನನ್ನು ಮನೆಗೆ ಬಿಡಲು ಹೊರಟಳು.

"ಆ ಸುಳ್ಳು ಡಾಕ್ಟರ್ ಸಿನಿಮಾ ನೀವು ನೋಡಿದ್ರಿ," ಎಂದಳು ಐಲಿ ದಾರಿಯಲ್ಲಿ.

"ಹೆಂಡತಿ ಜೊತೆ ಎಲ್ಲಾನೂ ನೋಡಿದ್ದೆ. ನೋಡಿದ್ದೀನಿ ಅಂದ್ರೆ ಲೆಂಪಿ ಬಿಡಿಸಿ ಹೇಳಲ್ಲವಲ್ಲ. ಅವರು ಹೇಳಿದ್ರೆ ನನಗೆ ಇನ್ನೊಂದು ಸಲ ಕಾಣುತ್ತೆ."

"ನಾನು ನಿಮ್ಮನ್ನ ಏನಂದ್ಕೊಂಡಿದ್ದೆ ಗೊತ್ತಾ? ನಮ್ಮ ಮನೆ ಮೇಲೆ ಕಣ್ಣು ಹಾಕಿದ್ದೀರಿ ಅಂತ."

ವೆಸ್ಲಿ ಸ್ವಲ್ಪ ಯೋಚಿಸಿ, "ಹಾಕೋಕೆ ಕಣ್ಣೆಲ್ಲಿದೆ ಮಾರಾಯ್ತಿ?" ಎಂದ.

ಐಲಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿಕೊಂಡಳು. ಕಚ್ಚಿಕೊಂಡದ್ದು ಅವನಿಗೆ ಕಾಣದು ಎಂದು ಹೊಳೆದು ಬಿಟ್ಟುಕೊಟ್ಟಳು. ಇಬ್ಬರೂ ನಕ್ಕರು. ಆದರೆ ಅವನ ಮನೆ ಬಂದಾಗ ಅವಳು ಮತ್ತೆ ಗಂಟಿಕ್ಕಿದಳು. "ಇನ್ನೊಂದು ಬೀಗದ ಕೈ ಎಲ್ಲಾದ್ರೂ ಇಟ್ಟಿದ್ದೀರಾ?" ಎಂದು ಕೇಳಿದಳು. ಇಲ್ಲ ಎಂದ. ಅವಳು ನಂಬಲಿಲ್ಲ.

ಮನೆಯಲ್ಲಿ ಅಕ್ಕ-ತಂಗಿಯರ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತು ಉಳಿಯಿತು. ಹಸಿರು ಪಿಕಪ್ ಅಂಗಳದಲ್ಲಿ ಹಿಮ ಹೊದ್ದು ನಿಂತಿತ್ತು. ಒಂದು ಬೆಳಗ್ಗೆ ಲೆಂಪಿ ಕಾಫಿ ಬಗ್ಗಿಸುತ್ತ, ಯಾರೂ ಕೇಳದಿದ್ದರೂ, "ಆ ಮಕ್ಕಳ ಸದ್ದು ಕಿವೀಲೇ ಇದೆ ಕಣೇ. ನಾನು ಏನ್ ಮಾಡ್ತಿದ್ದೆ ಅಂತ ನನಗೇ ಅರ್ಥ ಆಗ್ತಿಲ್ಲ," ಎಂದಳು. ಐಲಿ, "ಸಕ್ಕರೆ ಈ ಕಡೆ ಕೊಡು," ಎಂದಳು. ಸಮಾಧಾನ ಹೇಳುವ ಮನಸ್ಸಾಯಿತು, ಹೇಳಲಿಲ್ಲ. ವೆಸ್ಲಿ ತನ್ನ ಕಿವಿ ನೋಡಿ ಸುಳ್ಳು ಹೇಳಿದ್ದನ್ನು ಕ್ಷಮಿಸುವುದು ಸುಲಭವಾಗಿತ್ತು. ಲೆಂಪಿ ಕಣ್ಣಿಗೆ ಕಣ್ಣಿಟ್ಟು ಹೇಳಿದ್ದಳು.

ಮಂಗಳವಾರ ಬಂತು, ಯಾರೂ ಬರಲಿಲ್ಲ. ಟೀವಿ ರಿಪೇರಿಯಾಗಿ ಬಂದಿತ್ತು. ಲೆಂಪಿ ಅದನ್ನು ಹಾಕದೆ, ಚಿತ್ರದ ತುಣುಕುಗಳ ಮುಂದೆ ಸುಮ್ಮನೆ ಕೂತಳು. ಶುಕ್ರವಾರ ಊಟವಾದ ಮೇಲೆ ಐಲಿಗೆ ಹೊಸ ಅನುಮಾನ ಶುರುವಾಯಿತು. ಮುದುಕ ಸುಮ್ಮನಿರುವ ಜಾತಿಯಲ್ಲ. ದಲ್ಲಾಳಿ ಅಕ್ಕನ ಮಗನ ಗಾಡಿ ಕೇಳಿ ತಂದಿದ್ದರೆ? ಯಾವುದಾದರೂ ಹಳೆಯ ಟ್ರಾಕ್ಟರ್ ಹತ್ತಿದ್ದರೆ? "ಹಾಲು ತರ್ತೀನಿ," ಎಂದು ಹೇಳಿ ಕಾರು ಹತ್ತಿ, ಅಂಗಡಿ ದಾಟಿ, ನೇರ ಗಣಿಯ ಕಡೆಗೆ ಹೋದಳು.

ವೆಸ್ಲಿ ಮನೆಯ ಮುಂದಿನ ಬೆಂಚಿನ ಮೇಲೆ ಕೋಟು, ಟೋಪಿ, ಬೂಟು ಎಲ್ಲ ಹಾಕಿಕೊಂಡು ಕೂತಿದ್ದ.

"ಎಲ್ಲಿಗೆ ಹೊರಟಿದ್ದೀರಿ?" ಎಂದು ಐಲಿ ಕಾರಿನ ಗಾಜು ಇಳಿಸಿ ಗದರಿದಳು.

"ಎಲ್ಲಿಗೂ ಇಲ್ಲ. ಈ ಹೊತ್ತಿಗೆ ಕೋಟು ಹಾಕೋದು ಅಭ್ಯಾಸ ಆಗಿದೆ. ಹಾಕ್ಕೊಂಡೆ. ಆಮೇಲೆ ತೆಗೆಯೋಕೆ ಮನಸ್ಸು ಬರಲಿಲ್ಲ."

ಐಲಿ ಅವನ ಹಿತ್ತಲಲ್ಲಿ ಗಾಲಿಯ ಗುರುತು ಇದೆಯೇ ಎಂದು ಕತ್ತು ಚಾಚಿ ನೋಡಿದಳು. ಇರಲಿಲ್ಲ. ಹಿಮ ನುಣ್ಣಗೆ ಬಿದ್ದಿತ್ತು. ಬಾಗಿಲಿನಿಂದ ಸೌದೆ ಗುಡಿಸಲಿನವರೆಗೆ ಹಗ್ಗವೊಂದು ಕಟ್ಟಿತ್ತು, ಅದರ ಉದ್ದಕ್ಕೂ ಒಬ್ಬನದೇ ಹೆಜ್ಜೆಗಳು.

"ಹತ್ತಿ," ಎಂದಳು.

ಅವನು ಹತ್ತಿದ. ಹಾಲು ತರುವುದು ಮರೆತೇಹೋಯಿತು. ಬಾಗಿಲು ತೆರೆದ ಲೆಂಪಿ ಇಬ್ಬರನ್ನೂ ನೋಡಿ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಅಂದಿನಿಂದ ಮಂಗಳವಾರ, ಶುಕ್ರವಾರ ಐಲಿಯೇ ಹೋಗಿ ಕರೆತರುತ್ತಾಳೆ, ಐಲಿಯೇ ಬಿಟ್ಟು ಬರುತ್ತಾಳೆ. ಹಿಮ ಕರಗಿದ ಮೇಲೆ ವೆಸ್ಲಿಯ ಅಕ್ಕನ ಮಗ ಬಂದು ಪಿಕಪ್ ತೆಗೆದುಕೊಂಡು ಹೋದ. ಅದರ ಸದ್ದು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ವೆಸ್ಲಿ ಅಂಗಳದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅಂದು ಅವನಿಗೆ ಸಿನಿಮಾ ಬೇಡವಾಯಿತು. ಲೆಂಪಿ ಕಾದಂಬರಿಯ ಒಂದು ಅಧ್ಯಾಯ ಓದಿದಳು, ಅದನ್ನೂ ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಲೆಂಪಿಗೆ ನೆಗಡಿಯಾಗಿ ಗಂಟಲು ಪೂರ್ತಿ ಕಟ್ಟಿಹೋಯಿತು. ಸೋಫಾದ ಮೇಲೆ ಕಂಬಳಿ ಹೊದ್ದು ಮಲಗಿದ್ದವಳು ತಂಗಿಗೆ ಕೈಸನ್ನೆ ಮಾಡಿದಳು, ನೀನೇ ಹೇಳು ಎಂದು. ಐಲಿ ಮೂಗು ಮುರಿದಳು. ಆದರೂ ಹೆಣಿಗೆ ಬದಿಗಿಟ್ಟು, ಮುದುಕನ ಪಕ್ಕದ ಕುರ್ಚಿಯಲ್ಲಿ ಕೂತಳು.

"ದೊಡ್ಡ ಮನೆ. ಹೆಂಗಸು ಮಹಡಿಯಲ್ಲಿ ನಿಂತಿದ್ದಾಳೆ," ಎಂದು ಒಣದನಿಯಲ್ಲಿ ಶುರುಮಾಡಿದಳು. "ವಕೀಲ ಬಂದ. ಟೋಪಿ ತೆಗೆದ. ಇವನನ್ನ ನಂಬೋ ಹಾಗಿಲ್ಲ."

"ಯಾಕೆ?" ಎಂದ ವೆಸ್ಲಿ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ.

"ಕೈಗವಸು ತೆಗೆದಿಲ್ಲ. ಮನೆ ಒಳಗೆ ಬಂದು ಕೈಗವಸು ಯಾಕೆ ತೆಗೆಯಲ್ಲ? ಏನೋ ಮುಟ್ಟಿದ್ದಾನೆ. ಅವಳೂ ಸಾಚಾ ಅಲ್ಲ. ನಗ್ತಿದ್ದಾಳೆ, ಆದ್ರೆ ಕಣ್ಣು ಮೇಜಿನ ಡ್ರಾಯರ್ ಮೇಲಿದೆ. ಕೆಲಸದವಳು ಚಹಾ ತಂದ್ಲು. ನಾಲ್ಕು ಕಪ್ಪು. ಇರೋದು ಇಬ್ರು!"

"ನಾಲ್ಕಾ?" ವೆಸ್ಲಿಯ ಚಾಕು ನಿಂತಿತು. "ನಾನಿದನ್ನ ಎರಡು ಸಲ ನೋಡಿದ್ದೀನಿ. ನಾಲ್ಕು ಕಪ್ಪಿತ್ತು ಅಂತ ಗೊತ್ತೇ ಇರಲಿಲ್ಲ."

ಸೋಫಾದ ಮೇಲಿಂದ ಲೆಂಪಿ ಒಡೆದ ದನಿಯಲ್ಲಿ, "ಐಲಿ, ಕಥೆ ಹೇಳ್ತಿದ್ದೀಯೋ, ಸಾಕ್ಷಿ ಹೇಳ್ತಿದ್ದೀಯೋ?" ಎಂದಳು.

"ಸುಮ್ನಿರೇ, ಮಧ್ಯೆ ಮಾತಾಡ್ಬೇಡ," ಎಂದಳು ಐಲಿ, ಪರದೆಯಿಂದ ಕಣ್ಣು ಕೀಳದೆ. "ವಕೀಲ ಕಿಟಕಿ ಹತ್ರ ಹೋಗ್ತಿದ್ದಾನೆ. ಹೊರಗೆ ಯಾರಿಗೋ ಸನ್ನೆ ಮಾಡ್ತಾನೆ ನೋಡಿ ಬೇಕಾದ್ರೆ."